ನೆಲದಡಿ ಅಷ್ಟೊಂದು ಸಂಪತ್ತಿದ್ದೂ ಕೆಲವು ದೇಶಗಳು ಯಾಕೆ ಬೆಳೆಯುವುದಿಲ್ಲ?

ಓದುಗರ ಪ್ರಶ್ನೆ: ವೆನೆಜುವೆಲಾದಲ್ಲಿ ಬೇಕಾದಷ್ಟು ತೈಲ ಇದೆ, ಕಾಂಗೋದಲ್ಲಿ ತಾಮ್ರ, ಕೋಬಾಲ್ಟ್, ವಜ್ರ ಎಲ್ಲ ಇದೆ, ಆದರೂ ಜನ ಬಡವರು. ಜಪಾನ್, ದಕ್ಷಿಣ ಕೊರಿಯಾದಲ್ಲಿ ಹೇಳಿಕೊಳ್ಳುವಂಥ ಗಣಿ ಇಲ್ಲ, ತೈಲ ಇಲ್ಲ, ಆದರೂ ಶ್ರೀಮಂತರು. ನೈಸರ್ಗಿಕ ಸಂಪತ್ತು ಶಾಪ ಅನ್ನುವ ಮಾತು ನಿಜವಾ? ನಿಜವಾದರೆ ಅದನ್ನು ನೆಲದಲ್ಲೇ ಬಿಟ್ಟುಬಿಡುವುದು ಒಳ್ಳೆಯದಲ್ವಾ?

ಉತ್ತರ:

ಶಾಪ ಅಂತೇನೂ ಇಲ್ಲ. ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದೂ ಅಲ್ಲ. 1995ರಲ್ಲಿ ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತಾರು ದೇಶಗಳ ಲೆಕ್ಕ ಹರಡಿಕೊಂಡು ಕೂತರು. 1970ರ ಸುಮಾರಿಗೆ ಯಾವ ದೇಶಗಳು ತಮ್ಮ ಜಿಡಿಪಿಗೆ ಹೋಲಿಸಿದರೆ ತೈಲ, ಅದಿರು, ಕೃಷಿ ಸರಕುಗಳನ್ನು ಜಾಸ್ತಿ ರಫ್ತು ಮಾಡುತ್ತಿದ್ದವೋ, ಅವು ಮುಂದಿನ ಎರಡು ದಶಕ ಉಳಿದವುಗಳಿಗಿಂತ ನಿಧಾನವಾಗಿ ಬೆಳೆದಿದ್ದವು. 'ಸಂಪನ್ಮೂಲ ಶಾಪ' ಎಂಬ ಹೆಸರು ಅದಕ್ಕೂ ಮೊದಲೇ, 1993ರಲ್ಲಿ, ರಿಚರ್ಡ್ ಆಟಿ ಬರೆದದ್ದರಿಂದ ಚಾಲ್ತಿಗೆ ಬಂದಿತ್ತು. ಹೆಸರು ಬಾಯಿಗೆ ಸಲೀಸಾಗಿತ್ತು, ಹಾಗಾಗಿ ನಿಂತಿತು. ಲೆಕ್ಕದೊಳಗೆ ಒಂದು ತೊಡಕಿತ್ತು, ಅದು ಜನರಿಗೆ ಅಷ್ಟಾಗಿ ತಲುಪಲಿಲ್ಲ. ಆ ತೊಡಕಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಹೋಲಿಕೆಯ ಬಗ್ಗೆ. ನೀವು ಆರಿಸಿಕೊಂಡಿರುವುದು ಸಂಪತ್ತಿದ್ದೂ ಸೋತವರನ್ನು, ಸಂಪತ್ತಿಲ್ಲದೆ ಗೆದ್ದವರನ್ನು. ಇನ್ನೆರಡು ಗುಂಪುಗಳನ್ನು ಬಿಟ್ಟುಬಿಟ್ಟಿದ್ದೀರಿ. ಆಸ್ಟ್ರೇಲಿಯಾ, ಕೆನಡಾ, ನಾರ್ವೆ ಇವೆ. ನೆಲದಡಿಯದ್ದನ್ನೂ ಅಗೆದರು, ಶ್ರೀಮಂತರೂ ಆದರು. ಇನ್ನೊಂದು ಕಡೆ ಮಲಾವಿಯಂಥ ದೇಶಗಳಿವೆ, ಅಲ್ಲಿ ಗಣಿಯ ಸಂಪತ್ತೂ ಹೇಳಿಕೊಳ್ಳುವಷ್ಟು ಇರಲಿಲ್ಲ, ಬಡತನವೂ ಹೋಗಲಿಲ್ಲ. ಏನೂ ಇಲ್ಲದ ದೇಶಗಳೆಲ್ಲ ಜಪಾನ್ ಆಗಿಬಿಟ್ಟಿಲ್ಲ. ಆದ್ದರಿಂದ ಸಂಪತ್ತು ಒಳ್ಳೆಯದಾ ಕೆಟ್ಟದ್ದಾ ಎಂದು ಕೇಳುವುದಕ್ಕಿಂತ, ಈ ಬಗೆಯ ದುಡ್ಡು ಬೇರೆ ದುಡ್ಡಿಗಿಂತ ಯಾವ ರೀತಿಯಲ್ಲಿ ಬೇರೆ ಎಂದು ಕೇಳಿದರೆ ವಿಷಯ ಬಿಡಿಸಿಕೊಳ್ಳುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಒಂದೇ. ಹೊಲದಲ್ಲಿ ಬೆಳೆದದ್ದನ್ನು ಮಾರುವುದು ಬೇರೆ, ಹೊಲವನ್ನೇ ಮಾರುವುದು ಬೇರೆ. ಕೈಗೆ ಬರುವ ನೋಟು ಎರಡರಲ್ಲೂ ಒಂದೇ ಥರ ಕಾಣುತ್ತದೆ. ಒಂದು ಬ್ಯಾರೆಲ್ ತೈಲ ಮೇಲೆತ್ತಿ ಮಾರಿದರೆ ಅದು ಹೊಲ ಮಾರಿದ ಹಾಗೆ, ಮುಂದಿನ ವರ್ಷ ಅದೇ ಬ್ಯಾರೆಲ್ ಅಲ್ಲಿ ಮತ್ತೆ ಮೊಳೆಯುವುದಿಲ್ಲ. ಆದರೆ ಜಿಡಿಪಿ ಲೆಕ್ಕ ಹಾಕುವವರು ಅದನ್ನು ಬೆಳೆ ಅಂತಲೇ ಬರೆದುಕೊಳ್ಳುತ್ತಾರೆ. ಗಣಿಯಿಂದ ತೆಗೆದದ್ದೆಲ್ಲ ಆ ವರ್ಷದ ಆದಾಯಕ್ಕೆ ಸೇರುತ್ತದೆ, ನೆಲದಲ್ಲಿ ಉಳಿದದ್ದು ಅಷ್ಟು ಕಮ್ಮಿಯಾಯಿತು ಎಂಬುದನ್ನು ಯಾವ ಕಾಲಂನಲ್ಲೂ ಕಳೆಯುವುದಿಲ್ಲ. ವಿಶ್ವಬ್ಯಾಂಕ್ ಇದನ್ನು ಕಳೆದು ತೋರಿಸುವ ಬೇರೆ ಲೆಕ್ಕವೊಂದನ್ನು ಇಟ್ಟಿದೆ, ಉಳಿತಾಯದಿಂದ ಗಣಿ ಸವಕಳಿ, ಕಾಡಿನ ಸವಕಳಿ ಎಲ್ಲ ಕಳೆದು ನೋಡುವುದು. ಹಾಗೆ ನೋಡಿದಾಗ ವೃದ್ಧಿ ಕಾಣಿಸುತ್ತಿದ್ದ ಎಷ್ಟೋ ದೇಶಗಳು ನಿಜದಲ್ಲಿ ಬಡವಾಗುತ್ತಿವೆ ಎಂದು ಗೊತ್ತಾಗುತ್ತದೆ. ಆ ಲೆಕ್ಕ ಮುಖಪುಟದ ಸುದ್ದಿಯಾಗುವುದು ಅಪರೂಪ.

ಇದರ ಅತಿ ಸ್ಪಷ್ಟ ಉದಾಹರಣೆ ಪೆಸಿಫಿಕ್ ಸಾಗರದ ನೌರು. ಇಡೀ ದೇಶ ಸುಮಾರು 21 ಚದರ ಕಿಲೋಮೀಟರ್, ಜನ ಹತ್ತು ಹನ್ನೆರಡು ಸಾವಿರ. ನೆಲ ಪೂರ್ತಿ ಉತ್ತಮ ದರ್ಜೆಯ ಫಾಸ್ಫೇಟ್, ಗೊಬ್ಬರಕ್ಕೆ ಬೇಕಾದ್ದು. 1968ರಲ್ಲಿ ಸ್ವತಂತ್ರವಾಯಿತು, ಗಣಿಯನ್ನು ಕೈಗೆ ತೆಗೆದುಕೊಂಡಿತು, 70ರ ದಶಕದಲ್ಲಿ ತಲಾ ಆದಾಯದಲ್ಲಿ ಪ್ರಪಂಚದ ಮೊದಲ ಸಾಲಿನ ದೇಶಗಳ ಜೊತೆ ನಿಂತಿತು. ತೆರಿಗೆ ಇಲ್ಲ. ಸ್ವಂತ ವಿಮಾನ ಕಂಪನಿ ಇತ್ತು. ಮೆಲ್ಬರ್ನ್‌ನಲ್ಲಿ 52 ಮಹಡಿಯ ಕಟ್ಟಡ ಕಟ್ಟಿಸಿದರು. 1993ರಲ್ಲಿ ಲಂಡನ್‌ನಲ್ಲಿ ಒಂದು ಸಂಗೀತ ನಾಟಕಕ್ಕೂ ದುಡ್ಡು ಹಾಕಿದರು, ಅದು ಬೇಗನೆ ಮಕಾಡೆ ಮಲಗಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುವುದು ಇದಕ್ಕೇ ಎನ್ನಬಹುದು, ಆದರೆ ಹಾಗೆ ನಕ್ಕುಬಿಟ್ಟರೆ ಅನ್ಯಾಯವಾಗುತ್ತದೆ. ಅವರು ಫಾಸ್ಫೇಟ್ ಮುಗಿಯುತ್ತದೆ ಎಂದು ಗೊತ್ತಿದ್ದೇ ಟ್ರಸ್ಟ್ ಮಾಡಿ ಹಣ ತೆಗೆದಿಟ್ಟಿದ್ದರು. ಮುಂದಾಲೋಚನೆ ಇತ್ತು, ಅದನ್ನು ಕಾಯುವವರು ಇರಲಿಲ್ಲ. ಕೆಟ್ಟ ಹೂಡಿಕೆ, ಅದರ ಮೇಲೆ ಸಾಲ, ಸಾಲ ತೀರಿಸಲು ಟ್ರಸ್ಟ್‌ನ ಆಸ್ತಿ. ಫಾಸ್ಫೇಟ್ ಮುಗಿಯುವ ಹೊತ್ತಿಗೆ ಟ್ರಸ್ಟೂ ಬರಿದಾಗಿತ್ತು. ಮೆಲ್ಬರ್ನ್ ಕಟ್ಟಡ 2004ರಲ್ಲಿ ಮಾರಾಟವಾಯಿತು. ದ್ವೀಪದ ಬಹುಪಾಲು ನೆಲ ಅಗೆದ ಸುಣ್ಣದಕಲ್ಲಿನ ಚೂಪು ಗೂಟಗಳಾಗಿ ಉಳಿದಿದೆ, ಅಲ್ಲಿ ಏನೂ ಬೆಳೆಯುವುದಿಲ್ಲ. 2001ರಿಂದ ಆಸ್ಟ್ರೇಲಿಯಾ ತನಗೆ ಬೇಡವಾದ ಆಶ್ರಯ ಕೋರುವವರನ್ನು ಅಲ್ಲಿ ಇರಿಸಲು ಕೊಡುವ ಹಣ ಆ ದೇಶದ ಮುಖ್ಯ ಆದಾಯಗಳಲ್ಲಿ ಒಂದಾಯಿತು.

ಇಷ್ಟು ಹೇಳಿದರೆ ಉಡಾಫೆ ಖರ್ಚೇ ಎಲ್ಲ ಸಮಸ್ಯೆ ಅನ್ನಿಸಬಹುದು. ಅಲ್ಲ. ಯಾರೂ ತಪ್ಪು ಮಾಡದೆ, ಯಾರೂ ಕದಿಯದೆ, ಸುಮ್ನೆ ದುಡ್ಡು ಬಂದದ್ದರಿಂದಲೇ ಆಗುವ ಹಾನಿಯೊಂದಿದೆ. ಅದಕ್ಕೆ ಡಚ್ ಕಾಯಿಲೆ ಎನ್ನುತ್ತಾರೆ. 1959ರಲ್ಲಿ ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಭಾರೀ ನೈಸರ್ಗಿಕ ಅನಿಲ ಸಿಕ್ಕಿತು. ಅನಿಲ ರಫ್ತಾಯಿತು, ವಿದೇಶಿ ಹಣ ಒಳಗೆ ಬಂತು. ಅನಿಲ ಕೊಳ್ಳುವವರಿಗೆಲ್ಲ ಕೊನೆಗೆ ಗಿಲ್ಡರ್, ಅಂದರೆ ಆಗಿನ ಡಚ್ ಕರೆನ್ಸಿ, ಬೇಕಲ್ವಾ, ಹಾಗಾಗಿ ಗಿಲ್ಡರ್‌ನ ಬೆಲೆ ಏರಿತು. ಏರಿದ್ದರಿಂದ ಅಲ್ಲಿನ ಕಾರ್ಖಾನೆಗಳ ಮಾಲು ಹೊರಗಿನವರಿಗೆ ದುಬಾರಿಯಾಯಿತು. ಕಾರ್ಖಾನೆಯವರು ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಆದರೂ ಆರ್ಡರ್ ಕಮ್ಮಿಯಾಯಿತು. 1977ರಲ್ಲಿ ದಿ ಎಕನಾಮಿಸ್ಟ್ ಪತ್ರಿಕೆ ಇದಕ್ಕೆ ಡಚ್ ಕಾಯಿಲೆ ಎಂದು ಹೆಸರಿಟ್ಟಿತು. ತಮಾಷೆ ಏನೆಂದರೆ ಹೆಸರು ಬಂದ ಊರಿನವರಿಗೆ ಬಂದದ್ದು ಬರೀ ನೆಗಡಿ. ಅವರಿಗೆ ಬೇರೆ ನೂರು ಉದ್ಯೋಗ ಇದ್ದವು, ಸುಧಾರಿಸಿಕೊಂಡರು. ಜ್ವರ ಬಂದು ಮಲಗಿದವರು ಬೇರೆಯವರು.

ಇನ್ನೊಂದು ದಾರಿಯಲ್ಲೂ ಇದೇ ಕೆಲಸ ನಡೆಯುತ್ತದೆ. ತೈಲದ ದುಡ್ಡು ಒಳಗೆ ಬಂದಾಗ ಕಟ್ಟಡ, ಹೋಟೆಲು, ಸಾರಿಗೆ, ಸರ್ಕಾರಿ ನೌಕರಿ ಇವೆಲ್ಲ ಉಬ್ಬುತ್ತವೆ. ಮನೆ ಬಾಡಿಗೆಯನ್ನಾಗಲಿ ಕ್ಷೌರದ ಅಂಗಡಿಯನ್ನಾಗಲಿ ಆಮದು ಮಾಡಿಕೊಳ್ಳಲಾಗುವುದಿಲ್ಲ, ಅವುಗಳ ಬೆಲೆ ಏರುತ್ತದೆ, ಅಲ್ಲಿನ ಕೂಲಿಯೂ ಏರುತ್ತದೆ. ಕಾರ್ಖಾನೆಯವನೂ ರೈತನೂ ಅಷ್ಟೇ ಕೂಲಿ ಕೊಡಬೇಕಾಗುತ್ತದೆ, ಆದರೆ ಅವರ ಮಾಲಿಗೆ ಬೆಲೆ ಕಟ್ಟುವುದು ಹೊರಗಿನ ಮಾರುಕಟ್ಟೆ, ಅದು ಏರಿರುವುದಿಲ್ಲ. ಅಂಗಡಿ ಮುಚ್ಚುತ್ತಾರೆ. 'ಮುಚ್ಚಲಿ ಬಿಡಿ, ತೈಲ ಮಾರಿ ಬಟ್ಟೆ ಕೊಂಡುಕೊಂಡರಾಯಿತು' ಎಂದು ಕೇಳುವ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ, ಪ್ರಶ್ನೆ ಸರಿಯಾದದ್ದೇ. ಉತ್ತರ ಇಷ್ಟು: ಕಾರ್ಖಾನೆ ಬಟ್ಟೆ ಮಾತ್ರ ತಯಾರಿಸುವುದಿಲ್ಲ, ಕೆಲಸಗಾರರನ್ನು ತಯಾರಿಸುತ್ತದೆ. ಯಂತ್ರ ರಿಪೇರಿ ಮಾಡುವವನು, ಲೆಕ್ಕ ಬರೆಯುವವಳು, ಬಿಡಿಭಾಗ ಸಪ್ಲೈ ಮಾಡುವ ಸಣ್ಣ ವರ್ಕ್‌ಶಾಪು, ಇವೆಲ್ಲ ಅದರ ಸುತ್ತ ಬೆಳೆಯುತ್ತವೆ. ಕೊರಿಯಾ ಬೆಳೆದದ್ದು ಹಾಗೆ, ಮೊದಲು ವಿಗ್ಗು, ಬಟ್ಟೆ, ಪ್ಲೈವುಡ್, ಆಮೇಲೆ ಹಡಗು, ಕಾರು, ಚಿಪ್. ತೈಲ ಬಾವಿಯ ಸುತ್ತ ಅಷ್ಟು ಬೆಳೆಯುವುದಿಲ್ಲ. ಕೋಟಿಗಟ್ಟಲೆ ಡಾಲರಿನ ರಿಗ್‌ಗೆ ಕೆಲವು ನೂರು ಜನ ಸಾಕು, ಅವರಲ್ಲೂ ಹಲವರು ಹೊರಗಿನಿಂದ ಬಂದವರು. ತೈಲ ಮುಗಿದಾಗಲೋ ಬೆಲೆ ಬಿದ್ದಾಗಲೋ ಮುಚ್ಚಿದ ಕಾರ್ಖಾನೆಯ ಬೀಗ ತೆಗೆಯಬಹುದು, ಒಳಗೆ ಕೆಲಸ ಬಲ್ಲವರು ಇರುವುದಿಲ್ಲ.

ಬೆಲೆ ಬೀಳುವ ವಿಷಯ ಬಂತಲ್ಲ. 1973ರ ಕೊನೆಯ ಕೆಲವೇ ತಿಂಗಳಲ್ಲಿ ಕಚ್ಚಾ ತೈಲ ಬ್ಯಾರೆಲಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರ ಹೋಯಿತು. 2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದದ್ದು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಂತು. ಸಂಬಳ ಹೀಗೆ ಏರಿಳಿಯುವ ಮನೆಯನ್ನು ಯೋಚಿಸಿ ನೋಡಿ. ಏರಿದಾಗ ಖರ್ಚು ಏರಿಸುವುದು ಸುಲಭ, ಇಳಿದಾಗ ಇಳಿಸಲು ಹೋದರೆ ಜಗಳ. ಇದಕ್ಕಿಂತ ದೊಡ್ಡ ಅಪಾಯ ಅಂದರೆ ಬೆಲೆ ಏರಿದಾಗಲೇ ಸಾಲ ಕೊಡುವವರು ಮನೆ ಬಾಗಿಲಿಗೆ ಬರುತ್ತಾರೆ. ಮೆಕ್ಸಿಕೋಗೆ 70ರ ದಶಕದಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿತು. ತೈಲ ಇರುವ ದೇಶಕ್ಕೆ ಯಾವ ಬ್ಯಾಂಕ್ ಇಲ್ಲ ಅನ್ನುತ್ತದೆ? ಕೊಟ್ಟರು, ತೆಗೆದುಕೊಂಡರು. ಅಮೆರಿಕದಲ್ಲಿ ಬಡ್ಡಿ ಏರಿತು, ತೈಲದ ಬೆಲೆ ಜಾರಿತು, 1982ರ ಆಗಸ್ಟ್‌ನಲ್ಲಿ ಸುಮಾರು 8,000 ಕೋಟಿ ಡಾಲರ್ ಸಾಲ ತಲೆಯ ಮೇಲೆ ಹೊತ್ತ ಮೆಕ್ಸಿಕೋ ಇನ್ನು ಕಂತು ಕಟ್ಟಲಾಗದು ಎಂದು ಕೈಚೆಲ್ಲಿತು. ಸರಿಯಾಗಿ ನೋಡಿದರೆ ಮೆಕ್ಸಿಕೋವನ್ನು ಮುಳುಗಿಸಿದ್ದು ತೈಲ ಅಲ್ಲ, ತೈಲವನ್ನು ತೋರಿಸಿ ಎತ್ತಿದ ಸಾಲ.

ಇದನ್ನು ತಪ್ಪಿಸಿಕೊಂಡವರೂ ಇದ್ದಾರೆ. ಚಿಲಿಯ ರಫ್ತಿನಲ್ಲಿ ಸುಮಾರು ಅರ್ಧ ತಾಮ್ರ. 2001ರಿಂದ ಅಲ್ಲಿ ಒಂದು ನಿಯಮ ಬಂತು. ಬಜೆಟ್ ಮಾಡುವಾಗ ಇವತ್ತಿನ ತಾಮ್ರದ ಬೆಲೆ ನೋಡುವಂತಿಲ್ಲ, ಹೊರಗಿನ ತಜ್ಞರ ಸಮಿತಿ ಹೇಳುವ ದೀರ್ಘಾವಧಿ ಬೆಲೆಯನ್ನೇ ನೋಡಬೇಕು, ಅದಕ್ಕಿಂತ ಜಾಸ್ತಿ ಬಂದದ್ದು ತಿಜೋರಿಗೆ. ಕಾಗದದ ಮೇಲೆ ಚೆಂದ, ರಾಜಕೀಯದಲ್ಲಿ ಕಷ್ಟ. 2008ರವರೆಗೆ ತಾಮ್ರದ ಬೆಲೆ ಗಗನಕ್ಕೇರಿದ್ದಾಗ ಹಣಕಾಸು ಮಂತ್ರಿ ಆಂಡ್ರೆಸ್ ವೆಲಾಸ್ಕೊ ಖರ್ಚು ಮಾಡಲಿಲ್ಲ ಎಂದು ನೌಕರರು ಬೀದಿಗಿಳಿದು ಅವರ ಪ್ರತಿಕೃತಿ ಸುಟ್ಟರು. ಕೆಲವೇ ತಿಂಗಳಲ್ಲಿ ಜಗತ್ತಿನ ಆರ್ಥಿಕ ಬಿಕ್ಕಟ್ಟು ಬಂತು, ತಾಮ್ರ ಬಿತ್ತು, 2009ರ ಜನವರಿಯಲ್ಲಿ ಅದೇ ಮಂತ್ರಿ ಸುಮಾರು 400 ಕೋಟಿ ಡಾಲರಿನ ಯೋಜನೆ ತೆಗೆದು ಜನರ ಕೈಗೆ ಹಣ ಹಾಕಿದರು. ಸುಟ್ಟವರೇ ಹೊಗಳಿದರೋ ಏನೋ, ಅವರ ಜನಪ್ರಿಯತೆ ಮಾತ್ರ ಏರಿತು. ಬಿಕ್ಕಟ್ಟು ಎರಡು ವರ್ಷ ತಡವಾಗಿ ಬಂದಿದ್ದರೆ ನಿಯಮ ಉಳಿಯುತ್ತಿತ್ತಾ ಎಂಬ ಪ್ರಶ್ನೆ ನನಗೆ ಯಾವಾಗಲೂ ಬರುತ್ತದೆ.

ಈಗ ನನಗೆ ಅತಿ ಇಷ್ಟವಾದ ಹೋಲಿಕೆ, ನೈಜೀರಿಯಾ ಮತ್ತು ಇಂಡೋನೇಷ್ಯಾ. 1970ರ ಹೊತ್ತಿಗೆ ಎರಡೂ ಬಡ ದೇಶಗಳು, ಜನಸಂಖ್ಯೆ ದೊಡ್ಡದು, ಬಹುಪಾಲು ರೈತರು, ಹಲವು ಭಾಷೆ, ಹಲವು ಜನಾಂಗ. ನೈಜೀರಿಯಾ ಬಿಯಾಫ್ರಾದ ಅಂತರ್ಯುದ್ಧ ಮುಗಿಸಿಕೊಂಡು ಬಂದಿತ್ತು, ಇಂಡೋನೇಷ್ಯಾ 1965ರ ಭೀಕರ ಹತ್ಯಾಕಾಂಡದಿಂದ. ಎರಡರಲ್ಲೂ ಸೇನೆಯ ಆಡಳಿತ, ಎರಡರಲ್ಲೂ ತೈಲ. 1973ರಲ್ಲಿ ಬೆಲೆ ನಾಲ್ಕು ಪಟ್ಟು ಏರಿದಾಗ ಎರಡಕ್ಕೂ ಲಾಟರಿ ಹೊಡೆದ ಹಾಗಾಯಿತು.

ನೈಜೀರಿಯಾದಲ್ಲಿ ಏನಾಯಿತು ಎನ್ನುವುದಕ್ಕೆ ಒಂದು ಚಿತ್ರ ಸಾಕು. ಕಟ್ಟಡ, ಬ್ಯಾರಕ್, ರಸ್ತೆ ಎಲ್ಲ ಒಟ್ಟಿಗೆ ಕಟ್ಟಲು ಹೊರಟು ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತು. ಲಾಗೋಸ್ ಬಂದರಿನಲ್ಲಿ ವರ್ಷಕ್ಕೆ ಇಳಿಸಲು ಆಗುತ್ತಿದ್ದದ್ದು ಅದರ ಸಣ್ಣ ಪಾಲು. 1975ರಲ್ಲಿ ನೂರಾರು ಹಡಗುಗಳು ಸಮುದ್ರದಲ್ಲಿ ಸಾಲುಗಟ್ಟಿ ನಿಂತವು. ಕಾಯಿಸಿದ್ದಕ್ಕೆ ಸರ್ಕಾರವೇ ಹಡಗಿನವರಿಗೆ ದಿನಲೆಕ್ಕದಲ್ಲಿ ದಂಡ ಕಟ್ಟುತ್ತಿತ್ತು, ಸಿಮೆಂಟು ಹಡಗಿನೊಳಗೇ ಗಟ್ಟಿಯಾಗುತ್ತಿತ್ತು. ಇಲ್ಲಿ ಕಳ್ಳತನವೂ ಇತ್ತು, ಇಲ್ಲ ಅನ್ನುವುದಿಲ್ಲ, ಆದರೆ ಮೂಲ ತೊಂದರೆ ಬೇರೆ. ಒಂದು ದೇಶ ಒಂದು ವರ್ಷದಲ್ಲಿ ಇಷ್ಟು ಅಂತ ಮಾತ್ರ ಅರಗಿಸಿಕೊಳ್ಳಬಲ್ಲದು. ಎಂಜಿನಿಯರು, ಕ್ರೇನು, ಗೋದಾಮು, ಬಿಲ್ಲು ಪರಿಶೀಲಿಸುವ ಗುಮಾಸ್ತ, ಇವರನ್ನು ತೈಲದ ದುಡ್ಡಿನಿಂದ ರಾತ್ರೋರಾತ್ರಿ ತರಲಾಗುವುದಿಲ್ಲ. ಈ ನಡುವೆ ಕರೆನ್ಸಿ ದುಬಾರಿಯಾಗಿಯೇ ಉಳಿಯಿತು, ಆಮದಾದ ಅಕ್ಕಿ ಅಗ್ಗವಾಯಿತು, ಒಂದು ಕಾಲದಲ್ಲಿ ಕಾನೊ ನಗರದ ಹೊರಗೆ ಮೂಟೆಗಳನ್ನು ಗೋಪುರದಂತೆ ಪೇರಿಸಿಡುತ್ತಿದ್ದ ಕಡಲೆಕಾಯಿ ವ್ಯಾಪಾರ ಅಳಿಸಿಹೋಯಿತು. ತಾಳೆ ಎಣ್ಣೆಯ ರಫ್ತೂ ಹೋಯಿತು. 70ರ ದಶಕದ ಮಧ್ಯದ ಹೊತ್ತಿಗೆ ರಫ್ತಿನ ಶೇ 90ಕ್ಕಿಂತ ಜಾಸ್ತಿ ಬರೀ ಕಚ್ಚಾ ತೈಲ.

ಇಂಡೋನೇಷ್ಯಾ ಅದೇ ದುಡ್ಡಿನಲ್ಲಿ ಮಾಡಿದ್ದು ನೋಡಲು ಸಪ್ಪೆ. ಗೊಬ್ಬರದ ಕಾರ್ಖಾನೆ, ನೀರಾವರಿ, ಹಳ್ಳಿ ರಸ್ತೆ. 1973ರಿಂದ ಆರು ವರ್ಷದಲ್ಲಿ 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆ ಕಟ್ಟಿದರು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಈ ಶಾಲೆಗಳನ್ನೇ ಇಟ್ಟುಕೊಂಡು ಅಧ್ಯಯನ ಮಾಡಿ, ಶಾಲೆ ಜಾಸ್ತಿ ಬಂದ ಜಿಲ್ಲೆಗಳ ಮಕ್ಕಳು ದೊಡ್ಡವರಾದ ಮೇಲೆ ಜಾಸ್ತಿ ಸಂಬಳ ಪಡೆದದ್ದನ್ನು ತೋರಿಸಿದರು. ಅಕ್ಕಿಗೆ ಹೊರಗೆ ಕೈ ಚಾಚುತ್ತಿದ್ದ ದೇಶ 1984ರಲ್ಲಿ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಇನ್ನೊಂದು ಕೆಲಸ ಮಾಡಿದರು, ಅದು ನನಗೆ ಈಗಲೂ ಆಶ್ಚರ್ಯ. 1978ರಲ್ಲಿ ಖಜಾನೆಯಲ್ಲಿ ಡಾಲರ್ ಇದ್ದಾಗಲೇ, ಯಾರೂ ಒತ್ತಾಯ ಮಾಡದಿದ್ದಾಗಲೇ, ತಮ್ಮ ಕರೆನ್ಸಿಯ ಬೆಲೆ ತಾವೇ ಇಳಿಸಿದರು. ಡಾಲರಿಗೆ 415 ಇದ್ದ ರುಪಿಯಾ 625 ಆಯಿತು. ರಬ್ಬರು ಬೆಳೆಯುವವನೂ ಬಟ್ಟೆ ಹೊಲಿಯುವವನೂ ಉಳಿದುಕೊಳ್ಳಲಿ ಎಂದು. ಮೇಲೆ ಹೇಳಿದ ಡಚ್ ಕಾಯಿಲೆಗೆ ನೇರ ಮದ್ದು ಅದು. 1986ರಲ್ಲಿ ತೈಲ ಬೆಲೆ ಕುಸಿದಾಗ ಅವರ ಬಳಿ ಬಟ್ಟೆ, ಶೂ, ಪ್ಲೈವುಡ್ ರಫ್ತು ಮಾಡುವ ಕಾರ್ಖಾನೆಗಳಿದ್ದವು.

ಇಲ್ಲಿ ಗಮನಿಸಬೇಕಾದ್ದು, ಆಗ ಇಂಡೋನೇಷ್ಯಾವನ್ನು ಆಳುತ್ತಿದ್ದ ಸುಹಾರ್ತೊ ಸಾಧುಸಂತ ಅಲ್ಲ. ಅವರ ಮನೆಯವರು, ಸ್ನೇಹಿತರು ದೋಚಿದ್ದು ಜಗಜ್ಜಾಹೀರು. ವಿರೋಧಿಸಿದವರನ್ನು ಹೇಗೆ ನಡೆಸಿಕೊಂಡರು ಎಂಬುದು ಇನ್ನೂ ಕೆಟ್ಟ ಕಥೆ. ಹಾಗಾಗಿ 'ಪ್ರಾಮಾಣಿಕ ಸರ್ಕಾರ ಇದ್ದರೆ ಎಲ್ಲ ಸರಿಹೋಗುತ್ತದೆ' ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡೂ ಕಡೆ ಕದ್ದರು. ಇಂಡೋನೇಷ್ಯಾದ ಆಳುವವರಿಗೆ ಹಳ್ಳಿಗಳಲ್ಲಿ ಹಸಿವು ಎದ್ದರೆ ತಮ್ಮ ಕುರ್ಚಿ ಅಲುಗಾಡುತ್ತದೆ ಎಂಬ ಭಯ ಇತ್ತು, ಅಕ್ಕಿಯ ವಿಷಯದಲ್ಲಿ ಎಚ್ಚರ ತಪ್ಪಲಿಲ್ಲ. ನೈಜೀರಿಯಾದಲ್ಲಿ ರೈತರ ಬಗ್ಗೆ ಆ ಭಯ ಇರಲಿಲ್ಲ, ಪೈಪೋಟಿ ಎಲ್ಲ ತೈಲದ ಹಣದಲ್ಲಿ ಯಾವ ಪ್ರಾಂತ್ಯಕ್ಕೆ ಎಷ್ಟು ಪಾಲು ಎಂಬುದರ ಮೇಲೆ. ಇದು ನನ್ನ ಓದು, ಬೇರೆಯವರು ಬೇರೆ ಹೇಳಬಹುದು.

ಭಯದ ಮಾತು ಬಂದದ್ದರಿಂದ ತೆರಿಗೆಯ ವಿಷಯ ಹೇಳಿಬಿಡುತ್ತೇನೆ. ಜನರಿಂದ ತೆರಿಗೆ ಎತ್ತುವ ಸರ್ಕಾರಕ್ಕೆ ಜನ ದುಡಿದು ಸಂಪಾದಿಸುವುದು ಬೇಕು, ತೆರಿಗೆ ಕೊಟ್ಟ ಜನರು 'ದುಡ್ಡು ಎಲ್ಲಿ ಹೋಯಿತು' ಎಂದು ಕೇಳುತ್ತಾರೆ. ಸಮುದ್ರದ ನಡುವಿನ ಬಾವಿಯಿಂದ ನೇರ ಖಜಾನೆಗೆ ಹಣ ಬಂದರೆ ಇದಾವುದೂ ಬೇಡ. ಈಕ್ವಟೋರಿಯಲ್ ಗಿನಿಯಲ್ಲಿ 90ರ ದಶಕದಲ್ಲಿ ತೈಲ ಸಿಕ್ಕಾಗ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಎಷ್ಟೋ ಕಮ್ಮಿ. ಜಿಡಿಪಿ ವೃದ್ಧಿ ಪ್ರಪಂಚದಲ್ಲೇ ಅತಿ ವೇಗದ್ದು ಅನ್ನಿಸಿಕೊಂಡಿತು, ತಲಾ ಆದಾಯ ಕಾಗದದ ಮೇಲೆ ಯುರೋಪಿನ ಕೆಲವು ದೇಶಗಳಿಗೆ ಸಮ. ಹೆಚ್ಚಿನ ಜನ ಬಡವರಾಗಿಯೇ ಉಳಿದರು. 1979ರಿಂದ ಅಲ್ಲಿ ಒಬ್ಬರೇ ಅಧ್ಯಕ್ಷರು, ಟಿಯೊಡೊರೊ ಒಬಿಯಾಂಗ್. ಉಪಾಧ್ಯಕ್ಷರಾಗಿರುವ ಅವರ ಮಗನಿಗೆ ಸಾರ್ವಜನಿಕ ಹಣ ದುರುಪಯೋಗದ ಪ್ರಕರಣದಲ್ಲಿ 2017ರಲ್ಲಿ ಫ್ರಾನ್ಸಿನ ನ್ಯಾಯಾಲಯ ಶಿಕ್ಷೆ ವಿಧಿಸಿತು. ವೃದ್ಧಿಯ ಅಂಕಿ ನೋಡಿ ಮರುಳಾಗಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಏನು ಸಿಕ್ಕಿತು ಎನ್ನುವಷ್ಟೇ ಅದು ಹೇಗೆ ಹರಡಿಕೊಂಡಿದೆ ಎಂಬುದೂ ಮುಖ್ಯ. ಸಿಯೆರಾ ಲಿಯೋನ್‌ನ ವಜ್ರಗಳು ನದಿಯ ಮರಳಿನಲ್ಲಿ ಸಿಗುತ್ತವೆ. ಒಂದು ಸಲಿಕೆ, ಒಂದು ಜರಡಿ ಇದ್ದರೆ ಯಾರು ಬೇಕಾದರೂ ತೆಗೆಯಬಹುದು, ಅಂದರೆ ಬಂದೂಕು ಹಿಡಿದವನೂ ತೆಗೆಸಬಹುದು. 1991ರಿಂದ 2002ರವರೆಗಿನ ಅಲ್ಲಿನ ಅಂತರ್ಯುದ್ಧಕ್ಕೆ ಅವು ಹಣ ಒದಗಿಸಿದವು. ಬೋಟ್ಸ್‌ವಾನಾದ ವಜ್ರ ಆಳದ ಬಂಡೆಯೊಳಗೆ, ಒಂದೇ ಜಾಗದಲ್ಲಿ. ತೆಗೆಯಲು ದೊಡ್ಡ ಕಂಪನಿ, ದೊಡ್ಡ ಯಂತ್ರ ಬೇಕು, ಸುತ್ತ ಒಂದು ಬೇಲಿ ಹಾಕಿದರೆ ಕಾಯಬಹುದು.

ಆದರೂ ಬೋಟ್ಸ್‌ವಾನಾ ಗೆದ್ದದ್ದು ಬರೀ ಅದೃಷ್ಟದಿಂದ ಅಲ್ಲ. 1966ರಲ್ಲಿ ಸ್ವತಂತ್ರವಾದಾಗ ಇಡೀ ದೇಶದಲ್ಲಿ ಟಾರ್ ಹಾಕಿದ ರಸ್ತೆ ಇದ್ದದ್ದು 12 ಕಿಲೋಮೀಟರ್ ಅನ್ನುತ್ತಾರೆ. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಒರಾಪಾ ಇದ್ದದ್ದು ಮೊದಲ ಅಧ್ಯಕ್ಷ ಸೆರೆತ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲದಲ್ಲಿ. ಅವರು ಮನಸ್ಸು ಮಾಡಿದ್ದರೆ ಇದು ನಮ್ಮವರದ್ದು ಎನ್ನಬಹುದಿತ್ತು. ಬದಲಿಗೆ ಖನಿಜದ ಹಕ್ಕು ಬುಡಕಟ್ಟುಗಳದ್ದಲ್ಲ, ದೇಶದ್ದು ಎಂದು ಕಾನೂನಾಯಿತು. ಡಿ ಬಿಯರ್ಸ್ ಕಂಪನಿಯ ಜೊತೆ ಶೇ 15ರ ಪಾಲಿಗೆ ಆದ ಒಪ್ಪಂದವನ್ನು 70ರ ದಶಕದ ಮಧ್ಯದಲ್ಲಿ ಮತ್ತೆ ಕೂತು ಮಾತಾಡಿ ಶೇ 50ಕ್ಕೆ ಏರಿಸಿಕೊಂಡರು. ಆಮೇಲೆ ಹೊಲ ಮತ್ತು ಬೆಳೆಯ ಲೆಕ್ಕವನ್ನು ಅವರು ಬಜೆಟ್ಟಿನಲ್ಲೇ ತಂದರು. ಸಂಬಳ ಸಾರಿಗೆಯಂಥ ದಿನದ ಖರ್ಚು ಬೇರೆ ಆದಾಯದಿಂದ ನಡೆಯಬೇಕು, ವಜ್ರದ ಹಣ ಶಾಲೆ, ಆಸ್ಪತ್ರೆ, ರಸ್ತೆ, ಉಳಿತಾಯಕ್ಕೆ. ಮೂರು ದಶಕ ಅಷ್ಟು ವೇಗವಾಗಿ ಬೆಳೆದ ದೇಶಗಳು ಪ್ರಪಂಚದಲ್ಲೇ ಕೆಲವೇ. ಹಾಗಂತ ಕಥೆ ಸುಖಾಂತ್ಯ ಅಲ್ಲ. ಪ್ರಯೋಗಾಲಯದಲ್ಲಿ ತಯಾರಾಗುವ ವಜ್ರ ಮಾರುಕಟ್ಟೆಗೆ ಬಂತು, ಬೆಲೆ ಬಿತ್ತು, 2024ರಲ್ಲಿ ಬೋಟ್ಸ್‌ವಾನಾದ ಆರ್ಥಿಕತೆ ಸುಮಾರು ಶೇ 3ರಷ್ಟು ಕುಗ್ಗಿತು. ಹಣವನ್ನು ಚೆನ್ನಾಗಿ ನೋಡಿಕೊಂಡರು, ವಜ್ರ ಬಿಟ್ಟು ಬೇರೆ ಕಸುಬು ಬೆಳೆಸಲು ಮಾತ್ರ ಅವರಿಂದಲೂ ಆಗಲಿಲ್ಲ.

ನಾರ್ವೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. 1969ರಲ್ಲಿ ತೈಲ, 1990ರಲ್ಲಿ ತೈಲದ ಹಣ ಕೂಡಿಡುವ ನಿಧಿಯ ಕಾನೂನು, 1996ರಲ್ಲಿ ಮೊದಲ ಕಂತು, ಎಲ್ಲ ಹಣವೂ ಹೊರದೇಶಗಳಲ್ಲೇ ಹೂಡಿಕೆ, ಬಜೆಟ್ಟಿಗೆ ವರ್ಷಕ್ಕೆ ನಿಧಿಯ ಸುಮಾರು ಶೇ 3 ಮಾತ್ರ. ಈಗ ಪ್ರತಿ ಪ್ರಜೆಯ ಪಾಲಿಗೆ 3 ಲಕ್ಷ ಡಾಲರಿಗಿಂತ ಜಾಸ್ತಿ ಇದೆ. ಹೊರಗೇ ಹೂಡುವುದು ಜಂಬಕ್ಕಲ್ಲ, ಒಳಗೆ ತಂದರೆ ಅದೇ ಡಚ್ ಕಾಯಿಲೆ ಅಂತ. ಆದರೆ ನಾರ್ವೆ ತೈಲ ಸಿಗುವ ಮೊದಲೇ ಓದುಬರಹ ಬಲ್ಲ, ಪತ್ರಿಕೆ ಓದುವ, ತೆರಿಗೆ ಕಟ್ಟುವ ದೇಶ. ಶಾಲೆಯೇ ಇಲ್ಲದ ದೇಶಕ್ಕೆ ನೀನೂ ನ್ಯೂಯಾರ್ಕಿನ ಷೇರು ಕೊಂಡು ಇಟ್ಟುಕೋ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅಂಥ ಕಡೆ ಶಾಲೆಯೇ ಒಳ್ಳೆಯ ಹೂಡಿಕೆ, ಸಿಮೆಂಟಿನ ಹಡಗು ಸಾಲುಗಟ್ಟದ ಹಾಗೆ ನಿಧಾನವಾಗಿ ಮಾಡಿದರೆ.

ಈಗ ಆ ಲೆಕ್ಕದ ತೊಡಕು. ಸ್ಯಾಕ್ಸ್ ಮತ್ತು ವಾರ್ನರ್ ಅಳೆದದ್ದು ನೆಲದಡಿ ಎಷ್ಟಿದೆ ಎಂಬುದನ್ನಲ್ಲ, ದೇಶ ಅದರ ಮೇಲೆ ಎಷ್ಟು ಅವಲಂಬಿಸಿದೆ ಎಂಬುದನ್ನು. ಯುದ್ಧದಿಂದಲೋ ಕೆಟ್ಟ ಆಡಳಿತದಿಂದಲೋ ಕಾರ್ಖಾನೆಗಳೇ ಇಲ್ಲದ ದೇಶದಲ್ಲಿ ಸಣ್ಣದೊಂದು ಗಣಿ ಇದ್ದರೂ ರಫ್ತಿನಲ್ಲಿ ಅದೇ ದೊಡ್ಡದಾಗಿ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ತಲೆಗೆ ಎಷ್ಟೋ ಪಟ್ಟು ಜಾಸ್ತಿ ಖನಿಜ ಇದ್ದರೂ ಬೇರೆ ಉದ್ಯೋಗಗಳ ನಡುವೆ ಸಣ್ಣದಾಗಿ ಕಾಣುತ್ತದೆ. ಅಂದರೆ ಗಣಿ ಇದ್ದದ್ದರಿಂದ ಬಡವಾದರೋ, ಬಡವಾಗಿದ್ದರಿಂದ ಗಣಿ ಬಿಟ್ಟರೆ ಗತಿ ಇಲ್ಲವಾಯಿತೋ, ಆ ಲೆಕ್ಕದಿಂದ ಹೇಳಲಾಗುವುದಿಲ್ಲ. 2008ರಲ್ಲಿ ಬ್ರುನ್‌ಶ್ವೈಲರ್ ಮತ್ತು ಬುಲ್ಟೆ ಎಂಬ ಸಂಶೋಧಕರು ಅವಲಂಬನೆಯ ಬದಲು ನೆಲದಡಿಯ ಸಂಪತ್ತನ್ನೇ ಅಳೆದು ನೋಡಿದಾಗ ಶಾಪ ಕಾಣಲಿಲ್ಲ, ಸಂಪತ್ತು ವೃದ್ಧಿಗೆ ಒಳ್ಳೆಯದೇ ಮಾಡಿದ ಹಾಗೆ ಕಂಡಿತು. ಅದರ ಮೇಲೂ ವಾದ ನಡೆದಿದೆ. ನನ್ನ ನಿಲುವು ನಡುವಿನದು. ಖನಿಜ ಯಾರನ್ನೂ ಬಡವರನ್ನಾಗಿಸುವುದಿಲ್ಲ, ಆದರೆ ಆಗಲೇ ಬಿರುಕು ಬಿಟ್ಟಿರುವ ಗೋಡೆಯ ಮೇಲೆ ಅದು ಇನ್ನೊಂದು ಮಹಡಿ ಕಟ್ಟಿದ ಹಾಗೆ.

ವೆನೆಜುವೆಲಾ ಅಂಥ ಗೋಡೆ. ಪ್ರಪಂಚದಲ್ಲೇ ಅತಿ ದೊಡ್ಡ ತೈಲ ನಿಕ್ಷೇಪ ತನ್ನದೆಂದು ಲೆಕ್ಕ ಕೊಡುವ ದೇಶ, ಸುಮಾರು 30,000 ಕೋಟಿ ಬ್ಯಾರೆಲ್. 1998ರ ಸುಮಾರಿಗೆ ದಿನಕ್ಕೆ 30 ಲಕ್ಷ ಬ್ಯಾರೆಲ್ ದಾಟಿದ್ದ ಉತ್ಪಾದನೆ 2020ರಲ್ಲಿ 5 ಲಕ್ಷದ ಆಸುಪಾಸಿಗೆ ಬಂತು. ಅಮೆರಿಕದ ನಿರ್ಬಂಧಗಳು ಕೊನೆಗೆ ಸೇರಿಕೊಂಡವು ನಿಜ, ಆದರೆ ಕುಸಿತ ಅದಕ್ಕೂ ಮೊದಲೇ ಶುರುವಾಗಿತ್ತು. ಸರ್ಕಾರಿ ತೈಲ ಕಂಪನಿಯ ಹಣವನ್ನೆಲ್ಲ ಬೇರೆ ಖರ್ಚಿಗೆ ಹಿಂಡಿ, ಬಾವಿಯ ನಿರ್ವಹಣೆ ಬಿಟ್ಟು, 2002-03ರ ಮುಷ್ಕರದ ನಂತರ ಸಾವಿರಾರು ಅನುಭವಿ ನೌಕರರನ್ನು ಮನೆಗೆ ಕಳಿಸಿ, ಮೇಲೆ ಸಾಲ. ತೈಲ ರಫ್ತು ಮಾಡುವ ದೇಶಗಳ ಒಕ್ಕೂಟವಾದ ಒಪೆಕ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಅದೇ ದೇಶದ ಪೆರೆಸ್ ಅಲ್ಫೊನ್ಸೊ 70ರ ದಶಕದಲ್ಲೇ ತೈಲವನ್ನು ಸೈತಾನನ ಮಲ ಎಂದು ಕರೆದಿದ್ದರು. ಆಗ ಜನ ಅವರಿಗೆ ಅರಳುಮರಳು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ, ದೇಶ ಹಣದಲ್ಲಿ ತೇಲುತ್ತಿತ್ತು.

ಕೊನೆಯದಾಗಿ, ನೆಲದಲ್ಲೇ ಬಿಡಬೇಕಾ? ಹವಾಮಾನದ ಕಾರಣಕ್ಕೆ ಕೇಳಿದರೆ ಅದು ಬೇರೆ ಚರ್ಚೆ. ಬರೀ ವೃದ್ಧಿಯ ದೃಷ್ಟಿಯಿಂದ ಕೇಳಿದರೆ, ಬಿಡಬೇಕಿಲ್ಲ, ಅವಸರ ಮಾಡಬಾರದು. ಕಲ್ಲಿದ್ದಲು ತೈಲದ ಬೇಡಿಕೆ ಇಳಿಯಬಹುದು, ಕಾದರೆ ನಷ್ಟ ಎಂಬ ವಾದ ಇದೆ, ತಾಮ್ರಕ್ಕೆ ಆ ವಾದ ನಡೆಯುವುದಿಲ್ಲ. ಅದಿರನ್ನು ಹಾಗೇ ಮಾರದೆ ಇಲ್ಲೇ ಸಂಸ್ಕರಿಸಿ ಮಾರೋಣ ಎಂದು ಇಂಡೋನೇಷ್ಯಾ 2020ರಿಂದ ನಿಕಲ್ ಅದಿರಿನ ರಫ್ತು ನಿಲ್ಲಿಸಿತು. ಚೀನಾದ ಕಂಪನಿಗಳು ಬಂದು ಕುಲುಮೆ ಕಟ್ಟಿದವು, ರಫ್ತಿನ ಹಣ ಏರಿತು. ಜೊತೆಗೆ ಕುಲುಮೆಗೆ ಕಲ್ಲಿದ್ದಲು, ಅದರ ಹೊಗೆ, ಲಾಭದ ದೊಡ್ಡ ಪಾಲು ಹೊರಗೆ. ಪೂರ್ತಿ ಗೆಲುವು ಅನ್ನಲು ನಾನು ತಯಾರಿಲ್ಲ.

ಮುಂದಿನ ಸಲ ಎಲ್ಲೋ ದೊಡ್ಡ ನಿಕ್ಷೇಪ ಸಿಕ್ಕಿತು ಅಂತ ಸುದ್ದಿ ಓದಿದರೆ ನಿಕ್ಷೇಪದ ಗಾತ್ರ ಬಿಟ್ಟು ಆ ದೇಶದ ಸಾಲದ ಅಂಕಿ ನೋಡುತ್ತಾ ಇರಿ. ಗಯಾನಾದಲ್ಲಿ 2015ರಲ್ಲಿ ತೈಲ ಸಿಕ್ಕಿತು, 2019ರ ಕೊನೆಗೆ ಉತ್ಪಾದನೆ, 2022ರಲ್ಲಿ ಜಿಡಿಪಿ ಶೇ 60ಕ್ಕಿಂತ ಹೆಚ್ಚು ಬೆಳೆಯಿತು. ಜನ ಸುಮಾರು 8 ಲಕ್ಷ. ಅದು ಯಾವ ದಾರಿ ಹಿಡಿಯುತ್ತದೆ ಎಂದು ಈಗಲೇ ಹೇಳಲಾಗದು. ಘಾನಾದ ದಾರಿ ಮಾತ್ರ ನಮ್ಮ ಕಣ್ಣ ಮುಂದಿದೆ. 2007ರಲ್ಲಿ ತೈಲ ಸಿಕ್ಕಿತು, 2010ರ ಡಿಸೆಂಬರಿನಲ್ಲಿ ಮೇಲೆ ಬಂತು, 2011ರಲ್ಲಿ ತಜ್ಞರೆಲ್ಲ ಮೆಚ್ಚುವಂಥ ಉಳಿತಾಯದ ಕಾನೂನೂ ಆಯಿತು. ಮರುವರ್ಷ ಚುನಾವಣೆ, ನೌಕರರ ಸಂಬಳದ ಬಿಲ್ಲು ಏರಿತು, ಉಳಿತಾಯದ ನಿಧಿಗೆ ಒಂದು ಕಡೆ ಹಣ ಹಾಕುತ್ತಲೇ ಇನ್ನೊಂದು ಕಡೆ ಹೆಚ್ಚಿನ ಬಡ್ಡಿಗೆ ಡಾಲರ್ ಸಾಲ ಎತ್ತಿದರು. 2015ರಲ್ಲಿ ಐಎಂಎಫ್ ಬಾಗಿಲಿಗೆ ಹೋಗಬೇಕಾಯಿತು. 2022ರ ಡಿಸೆಂಬರಿನಲ್ಲಿ ಹೆಚ್ಚಿನ ವಿದೇಶಿ ಸಾಲದ ಕಂತು ಕಟ್ಟುವುದನ್ನೇ ನಿಲ್ಲಿಸಿದರು, ಬಾವಿಗಳಿಂದ ತೈಲ ಆಗಲೂ ಬರುತ್ತಲೇ ಇತ್ತು.